ಬಿ.ಕಾಂ ಓದಿದ್ದೀನಿ, ಡ್ರಾಯಿಂಗ್ ಅಷ್ಟಕ್ಕಷ್ಟೇ: ವಿಷುಯಲ್ ಕಮ್ಯುನಿಕೇಶನ್‌ನಲ್ಲಿ ಮಾಸ್ಟರ್ಸ್ ಮಾಡಬಹುದಾ?

ಓದುಗರ ಪ್ರಶ್ನೆ: "ಬಿ.ಕಾಂ ಮುಗಿಸಿ ಎರಡು ವರ್ಷ ಆಯ್ತು. ಒಂದು ಸಣ್ಣ ಕಂಪನಿಯಲ್ಲಿ ಸೋಶಿಯಲ್ ಮೀಡಿಯಾಗೆ ಪೋಸ್ಟರ್ ಮಾಡ್ತೀನಿ. ಫೋಟೋಶಾಪ್, ಫಿಗ್ಮಾ ಎರಡೂ ನಾನೇ ಕಲಿತಿದ್ದು. ಡ್ರಾಯಿಂಗ್ ಮಾತ್ರ ಅಷ್ಟಕ್ಕಷ್ಟೇ. ಡಿಜಿಟಲ್ ವಿಷುಯಲ್ ಕಮ್ಯುನಿಕೇಶನ್ ಡಿಸೈನ್‌ನಲ್ಲಿ ಮಾಸ್ಟರ್ಸ್ ಮಾಡೋ ಆಸೆ. ನನ್ನಂಥವರಿಗೆ ಸೀಟು ಸಿಗುತ್ತಾ? ಎರಡು ವರ್ಷ ಅದಕ್ಕೆ ಕೊಡಬೇಕಾ, ಯೂಟ್ಯೂಬ್ ನೋಡಿ ಕಲಿತರೆ ಸಾಲದಾ?"

ಸೀಟು ಸಿಗಬಹುದು. ಬಿ.ಕಾಂ ಓದಿದವರನ್ನೂ ತೆಗೆದುಕೊಳ್ಳುವ ಸಂಸ್ಥೆಗಳಿವೆ. ವಿಷುಯಲ್ ಕಮ್ಯುನಿಕೇಶನ್ ಅಂದರೆ ಹೇಳಬೇಕಾದ್ದನ್ನು ಚಿತ್ರ, ಅಕ್ಷರ, ಸ್ಕ್ರೀನ್ ಮೂಲಕ ಜನರಿಗೆ ಮುಟ್ಟಿಸುವ ಓದು. ಈ ಪ್ರಶ್ನೆ ನನ್ನನ್ನು ಕೇಳಿದವರು ತುಂಬಾ ಜನ. ಒಬ್ಬರು ಇಂಜಿನಿಯರಿಂಗ್ ಮಾಡಿರುತ್ತಾರೆ, ಇನ್ನೊಬ್ಬರು ಜರ್ನಲಿಸಂ, ಮತ್ತೊಬ್ಬರು ಡಿಗ್ರಿ ಮುಗಿಸಿ ಊರಲ್ಲೇ ಡಿಟಿಪಿ ಅಂಗಡಿ ಇಟ್ಟಿರುತ್ತಾರೆ. ಓದು ಬೇರೆ ಬೇರೆ, ಅಳುಕು ಮಾತ್ರ ಒಂದೇ: ಚಿತ್ರ ಬಿಡಿಸೋಕೆ ಬರಲ್ಲ. ಅದನ್ನೇ ಮೊದಲು ನೋಡೋಣ.

ಐಐಟಿಗಳಲ್ಲಿ ಎಂ.ಡಿಸ್, ಅಂದರೆ ಡಿಸೈನ್ ಮಾಸ್ಟರ್ಸ್, ಸೇರಬೇಕಾದರೆ ಸೀಡ್ (CEED) ಅನ್ನುವ ಪರೀಕ್ಷೆ ಬರೆಯಬೇಕು. ನಡೆಸುವುದು ಐಐಟಿ ಬಾಂಬೆ, ಸಾಮಾನ್ಯವಾಗಿ ಜನವರಿಯಲ್ಲಿ. ಪಿಯುಸಿ ಆದ ಮೇಲೆ ಕನಿಷ್ಠ ಮೂರು ವರ್ಷದ ಡಿಗ್ರಿ ಮಾಡಿದ್ದರೆ ಪರೀಕ್ಷೆ ಬರೆಯಬಹುದು. ಆದರೆ ಸೀಟಿಗೆ ಯಾವ ಡಿಗ್ರಿ ಆಗಿರಬೇಕು ಅನ್ನುವುದನ್ನು ಒಂದೊಂದು ಸಂಸ್ಥೆಯೂ ತಾನೇ ನಿರ್ಧರಿಸುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಕೂರಬಹುದು. ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ಒಂದು ಗಂಟೆ, 150 ಅಂಕ, ಕಂಪ್ಯೂಟರಿನಲ್ಲೇ ಉತ್ತರ. ಎರಡನೆಯದು ಎರಡು ಗಂಟೆ, 100 ಅಂಕ, ಕಾಗದದ ಮೇಲೆ ಬರೆದು, ಬಿಡಿಸಿ ಕೊಡುವುದು. ಮೊದಲ ಭಾಗ ಜರಡಿ ಇದ್ದ ಹಾಗೆ, ಅದರಲ್ಲಿ ಉಳಿದವರ ಎರಡನೇ ಭಾಗವನ್ನು ಮಾತ್ರ ತಿದ್ದುತ್ತಾರೆ. ಆದರೆ ಕೊನೆಯ ಲೆಕ್ಕದಲ್ಲಿ ಮೊದಲ ಭಾಗಕ್ಕೆ ಸಿಗುವ ತೂಕ ಶೇ. 25 ಅಷ್ಟೇ, ಉಳಿದ ಶೇ. 75 ಎರಡನೆಯದಕ್ಕೆ.

ಅಂದರೆ ಪೆನ್ಸಿಲ್ಲಿನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಹಾಗಂತ ಸ್ಕೂಲಿನ ಡ್ರಾಯಿಂಗ್ ಕಾಂಪಿಟಿಷನ್ನಿನಲ್ಲಿ ಬಹುಮಾನ ಬರುತ್ತಿತ್ತಲ್ಲ, ಆ ಥರದ ಚಿತ್ರ ಅಲ್ಲಿ ಬೇಕಿಲ್ಲ. ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಮುಂದೆ ನೋಡಿದರೆ ಏನು ಕಾಣುತ್ತದೆ, ಬಿಡಿಸಿ ಅಂತ ಕೇಳಿದರು ಅಂದುಕೊಳ್ಳಿ. ಮುಂದಿನ ಸೀಟಿನವರ ತಲೆ ದೊಡ್ಡದು, ಡ್ರೈವರ್ ತಲೆ ಹೆಬ್ಬೆರಳಿನಷ್ಟು. ಮೇಲಿನ ಕಂಬಿಗಳು ದೂರ ಹೋದ ಹಾಗೆ ಹತ್ತಿರ ಹತ್ತಿರ ಬರುತ್ತವೆ. ನಿಂತವರು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಚೀಲ ಹಿಡಿದಿರುತ್ತಾರೆ, ಕಂಡಕ್ಟರ್ ಸೊಂಟವನ್ನು ಸೀಟಿಗೆ ಒರಗಿಸಿ ಟಿಕೆಟ್ ಮೆಷಿನ್ ಒತ್ತುತ್ತಿರುತ್ತಾರೆ. ದಿನಾ ಬಸ್ಸಲ್ಲಿ ಓಡಾಡುವ ನೀವು ಇದನ್ನೆಲ್ಲ ಗಮನಿಸಿದ್ದೀರಾ, ಗಮನಿಸಿದ್ದು ಕಾಗದದ ಮೇಲೆ ಅರ್ಥ ಆಗುತ್ತಾ, ಅದು ಮುಖ್ಯ. ಮುಖ ಚೆಂದ ಬರಲಿಲ್ಲ ಅಂದರೆ ನಷ್ಟವೇನಿಲ್ಲ. ಇದು ಅಭ್ಯಾಸದಿಂದ ಬರುವಂಥದ್ದು. ದಿನಕ್ಕೆ ಅರ್ಧ ಗಂಟೆ, ಆರು ತಿಂಗಳು, ಕಣ್ಣೆದುರು ಇರುವುದನ್ನೇ ಬಿಡಿಸಿ. ಫೋಟೋ ನೋಡಿ ಬಿಡಿಸಬೇಡಿ, ಅದರಲ್ಲಿ ಕ್ಯಾಮೆರಾ ನಿಮ್ಮ ಪರವಾಗಿ ಅರ್ಧ ಕೆಲಸ ಮುಗಿಸಿಬಿಟ್ಟಿರುತ್ತದೆ.

ಬೇರೆ ಓದಿನಿಂದ ಬಂದವರ ಬಗ್ಗೆ ಅನುಮಾನ ಇದ್ದರೆ ನಿಮ್ಮ ಕೀಬೋರ್ಡಿನಲ್ಲಿರುವ ₹ ಚಿಹ್ನೆ ನೋಡಿ. ಅದನ್ನು ಮಾಡಿದ ಉದಯ ಕುಮಾರ್ ಮೊದಲು ಓದಿದ್ದು ಆರ್ಕಿಟೆಕ್ಚರ್. ಆಮೇಲೆ ಐಐಟಿ ಬಾಂಬೆಯ ಡಿಸೈನ್ ವಿಭಾಗವಾದ ಐಡಿಸಿಯಲ್ಲಿ ವಿಷುಯಲ್ ಕಮ್ಯುನಿಕೇಶನ್ ಮಾಸ್ಟರ್ಸ್, ಅಲ್ಲೇ ಪಿಎಚ್‌ಡಿ, ಅದೂ ತಮಿಳು ಅಕ್ಷರಗಳ ವಿನ್ಯಾಸದ ಮೇಲೆ. 2010ರ ಜುಲೈನಲ್ಲಿ ಅವರ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡಿತು. ದೇವನಾಗರಿ ರ, ರೋಮನ್ ಆರ್, ಎರಡನ್ನೂ ಸೇರಿಸಿ ಒಂದು ಅಕ್ಷರ. ಅಕ್ಷರಗಳನ್ನು ವರ್ಷಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿದವರಿಗೆ ಹೊಳೆಯುವಂಥ ವಿಷಯ ಅದು.

ಈಗ ನಿಮ್ಮ ಎರಡನೇ ಪ್ರಶ್ನೆ. ಯೂಟ್ಯೂಬ್ ಸಾಲದಾ? ಸಾಫ್ಟ್‌ವೇರ್ ಕಲಿಯೋಕೆ ಧಾರಾಳವಾಗಿ ಸಾಕು. ಮಾಸ್ಟರ್ಸ್‌ನಲ್ಲಿ ಸಾಫ್ಟ್‌ವೇರ್ ಕಲಿಸುವುದೂ ಕಡಿಮೆ. ಅದನ್ನು ನೀವೇ ರಾತ್ರಿ ಕೂತು ಕಲಿಯುತ್ತೀರಿ. ಹಾಗಾದರೆ ಕಲಿಸುವುದೇನು ಅನ್ನುವುದನ್ನು ನನಗೇ ಆದ ಒಂದು ಅನುಭವದಿಂದ ಹೇಳುತ್ತೇನೆ.

ನಾನು ಹಾಸನದವನು. ಬಿ.ಎ. ಮುಗಿದ ಮೇಲೆ ಚಿಕ್ಕಪ್ಪನ ಡಿಟಿಪಿ ಅಂಗಡಿಯಲ್ಲಿ ಎರಡು ವರ್ಷ ಮದುವೆ ಕಾರ್ಡು, ಫ್ಲೆಕ್ಸು ಮಾಡಿ, ಆಮೇಲೆ ಮಾಸ್ಟರ್ಸ್ ಸೇರಿದೆ. ಮೊದಲ ಸೆಮಿಸ್ಟರಿನಲ್ಲಿ ಮನೆಯಲ್ಲಿ ಒಬ್ಬರಿಗೆ ದಿನಾ ತೊಂದರೆ ಕೊಡುವ ಒಂದು ಕಾಗದವನ್ನು ಹುಡುಕಿ ಸರಿ ಮಾಡಿ ಅಂದರು. ನನಗೆ ಅಜ್ಜಿಯ ಮಾತ್ರೆ ಕವರ್ ನೆನಪಾಯಿತು. ಮೆಡಿಕಲ್ ಸ್ಟೋರಿನವರು ಅದರ ಮೇಲೆ 1-0-1 ಅಂತ ಬರೆದು ಕೊಡುತ್ತಾರಲ್ಲ, ಅದು ಅಜ್ಜಿಗೆ ಅರ್ಥ ಆಗುತ್ತಿರಲಿಲ್ಲ. ಅವರು ಮಾತ್ರೆ ಗುರುತು ಹಿಡಿಯುತ್ತಿದ್ದದ್ದು ಸ್ಟ್ರಿಪ್ಪಿನ ಬಣ್ಣದಿಂದ. ಅಂಗಡಿಯವರು ಬೇರೆ ಕಂಪನಿಯ ಅದೇ ಮಾತ್ರೆ ಕೊಟ್ಟ ತಿಂಗಳು ಎಲ್ಲ ಕಲಸಿಹೋಗುತ್ತಿತ್ತು.

ನಾನು ಮೂರು ಕವರ್ ಮಾಡಿದೆ. ಬೆಳಗ್ಗೆಗೆ ಬೆಟ್ಟದ ಮೇಲೆ ಅರ್ಧ ಮೂಡಿದ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಚಂದ್ರ. ಬಣ್ಣ ಎಲ್ಲ ಚೆನ್ನಾಗಿ ಕೂತಿತ್ತು. ಕ್ಲಾಸಿನಲ್ಲಿ ಎಲ್ಲರಿಗೂ ಇಷ್ಟ ಆಯಿತು. ಮೇಷ್ಟರು ಒಂದೇ ಮಾತು ಕೇಳಿದರು, "ಅಜ್ಜಿಗೆ ತೋರಿಸಿದ್ಯಾ?"

ಊರಿಗೆ ಹೋಗಿ ತೋರಿಸಿದೆ. ಅಜ್ಜಿ ಮೊದಲ ಕವರ್ ತಿರುಗಿಸಿ ತಿರುಗಿಸಿ ನೋಡಿ, "ಇದು ಹುಟ್ಟೋ ಸೂರ್ಯನೋ ಮುಳುಗೋ ಸೂರ್ಯನೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಚಿತ್ರದಲ್ಲಿ ಎರಡೂ ಒಂದೇ. ಅವರ ಪಕ್ಕ ಎರಡು ದಿನ ಕೂತೆ. ಅಜ್ಜಿ ಹೊತ್ತನ್ನು ಲೆಕ್ಕ ಹಾಕುತ್ತಿದ್ದದ್ದು ಸೂರ್ಯನಿಂದ ಅಲ್ಲ. ಕಾಫಿ ಆದ ಮೇಲೆ, ಮಧ್ಯಾಹ್ನ ಮುದ್ದೆ ಉಂಡ ಮೇಲೆ, ರಾತ್ರಿ ಧಾರಾವಾಹಿ ಮುಗಿದ ಮೇಲೆ. ಹಾಗಾಗಿ ಕವರ್ ಮೇಲೆ ಲೋಟ, ಮುದ್ದೆ ತಟ್ಟೆ, ಟೀವಿ ಬಂದವು. ರಾತ್ರಿಯೂ ಮುದ್ದೆಯೇ ಆದ್ದರಿಂದ ಮೂರನೆಯದಕ್ಕೆ ಊಟ ಹಾಕುವ ಹಾಗಿರಲಿಲ್ಲ, ಅದನ್ನು ಅಜ್ಜಿಯೇ ಹೇಳಿದ್ದು. ಚಿತ್ರಗಳು ಮೊದಲಿನಷ್ಟು ಚೆಂದ ಇರಲಿಲ್ಲ. ಆದರೆ ಅಜ್ಜಿ ಯಾರನ್ನೂ ಕೇಳದೆ ಮಾತ್ರೆ ತೆಗೆದುಕೊಳ್ಳೋಕೆ ಶುರು ಮಾಡಿದರು.

ಎರಡು ವರ್ಷ ಇದೇ ನಡೆಯುತ್ತದೆ. ನೀವು ಮಾಡಿದ್ದನ್ನು ಬಳಸುವವರ ಕೈಗೆ ಕೊಡುವುದು, ಅವರು ಎಲ್ಲಿ ತಡವರಿಸಿದರು ನೋಡುವುದು, ಮತ್ತೆ ಮಾಡುವುದು. ನಿಮ್ಮ ಕೆಲಸದ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಹದಿನೈದು ಜನರ ಎದುರು ನಿಲ್ಲಿಸುತ್ತಾರೆ, ಯಾಕೆ ಹೀಗೆ ಮಾಡಿದೆ ಅಂತ ಒಂದೊಂದನ್ನೂ ಕೇಳುತ್ತಾರೆ. ಈ ಗೋಡೆ, ಈ ಹದಿನೈದು ಜನ ಯೂಟ್ಯೂಬಿನಲ್ಲಿ ಸಿಗಲ್ಲ. ಆ್ಯಪ್ ಮಾಡಿ, ಮೋಷನ್ ಗ್ರಾಫಿಕ್ಸ್ (ಚಲಿಸುವ ಚಿತ್ರ, ಅಕ್ಷರ) ಮಾಡಿ, ಮ್ಯೂಸಿಯಮ್ಮಿಗೆ ಟಚ್ ಸ್ಕ್ರೀನ್ ಮಾಡಿ, ದಾರಿ ಇದೇ.

ಇನ್ನು ನನಗೆ ತುಂಬಾ ಹತ್ತಿರದ ವಿಷಯ, ಕನ್ನಡ ಅಕ್ಷರ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಚಿಕ್ಕಪ್ಪನ ಅಂಗಡಿಯಲ್ಲಿ ಯುನಿಕೋಡ್‌ನಲ್ಲಿ ಬಂದ ಮ್ಯಾಟರನ್ನು ಫೋಟೋಶಾಪಿಗೆ ಪೇಸ್ಟ್ ಮಾಡಿದರೆ ಒತ್ತಕ್ಷರ ಕಳಚಿಕೊಳ್ಳುತ್ತಿತ್ತು. ರಾಷ್ಟ್ರ ಅಂತ ಇರಬೇಕಾದ್ದು ರಾಷ್‌ಟ್‌ರ ಆಗುತ್ತಿತ್ತು. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲೇ ಕೆಲಸ ನಡೆಯುತ್ತದೆ. ಆಗಿನ ಫೋಟೋಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಅನ್ನುವ ಆಯ್ಕೆ ಒತ್ತಿದರೆ ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ನನಗೆ ಇದು ಗೊತ್ತಾಗಿದ್ದು ಮಾಸ್ಟರ್ಸ್ ಸೇರಿದ ಮೇಲೆ. ಅಂಗಡಿಗೆ ಫೋನ್ ಮಾಡಿ ಮೊದಲು ಹೇಳಿದ್ದೇ ಇದನ್ನು.

ಅದು ಸಾಫ್ಟ್‌ವೇರಿನ ಮಾತಾಯಿತು. ವಿನ್ಯಾಸದ ಮಾತು ಇನ್ನೂ ಇದೆ. ಇಂಗ್ಲಿಷಿಗೆ ಅಳತೆ ಮಾಡಿದ ಬಟನ್ನಿನೊಳಗೆ ಸ್ತ್ರೀ, ಶಾಸ್ತ್ರ ಅಂತ ಬರೆದು ನೋಡಿ. ಕೆಳಗೆ ಎರಡೆರಡು ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ, ಬಟನ್ನಿನ ಅಂಚು ಒತ್ತನ್ನು ಕತ್ತರಿಸಿಬಿಡುತ್ತದೆ. ಸಾಲಿನ ನಡುವೆ ಜಾಗ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ತೀರಾ ಸಣ್ಣದಾದರೆ ರ ಮತ್ತು ಠ, ಧ ಮತ್ತು ಥ ನಡುವೆ ಇರುವ ಒಂದೇ ಒಂದು ಚುಕ್ಕೆ ತುಂಬಿಹೋಗಿ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡ ಓದುವವರೇ ಕೂತು ವಿನ್ಯಾಸ ಮಾಡದಿದ್ದರೆ ಇದೆಲ್ಲ ಯಾರ ಕಣ್ಣಿಗೂ ಬೀಳಲ್ಲ. ವಿಂಡೋಸ್‌ನಲ್ಲಿ ನಾವು ವರ್ಷಗಟ್ಟಲೆ ನೋಡಿದ ತುಂಗಾ ಫಾಂಟಿನ ಹಿಂದೆ ಇದ್ದವರು ಆರ್.ಕೆ. ಜೋಶಿ, ಐಡಿಸಿಯಲ್ಲಿ ಪಾಠ ಮಾಡಿದ ಮೇಷ್ಟರು. ಈಚಿನ ವರ್ಷಗಳಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡದಂಥ ಉಚಿತ ಫಾಂಟ್‌ಗಳು ಬಂದಿವೆ. ಆದರೂ ಇಂಗ್ಲಿಷಿನ ಪಕ್ಕ ಇಟ್ಟು ನೋಡಿದರೆ ನಮ್ಮ ಹತ್ತಿರ ಇರುವುದು ಬೆರಳೆಣಿಕೆ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ ಅನ್ನೋದೇ ಈ ಓದಿನಲ್ಲಿ ದೊಡ್ಡ ಬಂಡವಾಳ. ಇಂಟರ್‌ವ್ಯೂನಲ್ಲಿ ಅದನ್ನು ಮುಚ್ಚಿಡಬೇಡಿ.

ಎಲ್ಲಿ ಓದಬೇಕು ಅನ್ನೋದನ್ನು ಚುಟುಕಾಗಿ ಹೇಳುತ್ತೇನೆ. ಐಐಟಿ ಬಾಂಬೆಯ ಐಡಿಸಿ ಶುರುವಾಗಿದ್ದು 1969ರಲ್ಲಿ, ಅಲ್ಲಿ ಈ ಕೋರ್ಸಿನ ಹೆಸರು ಈಗ ಕಮ್ಯುನಿಕೇಶನ್ ಡಿಸೈನ್. ಅಹಮದಾಬಾದಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) 1961ರದ್ದು, ಅದಕ್ಕೆ ಪರೀಕ್ಷೆ ಬೇರೆ, ಪ್ರಿಲಿಮ್ಸ್ ಮತ್ತು ಮೇನ್ಸ್ ಎರಡೂ ಬರೆಯಬೇಕು. ಗ್ರಾಫಿಕ್ ಡಿಸೈನ್ ಅಹಮದಾಬಾದಿನಲ್ಲೇ ಇದೆ. ಇನ್‌ಫರ್ಮೇಶನ್ ಡಿಸೈನ್ (ಮಾಹಿತಿಯನ್ನು ಸುಲಭವಾಗಿ ಅರ್ಥ ಆಗುವ ಹಾಗೆ ತೋರಿಸುವುದು), ಇಂಟರಾಕ್ಷನ್ ಡಿಸೈನ್ (ಆ್ಯಪ್, ಸ್ಕ್ರೀನ್‌ಗಳನ್ನು ಜನ ಬಳಸುವ ರೀತಿಯ ವಿನ್ಯಾಸ) ಎನ್‌ಐಡಿಯದೇ ಬೆಂಗಳೂರು ಕ್ಯಾಂಪಸ್ಸಿನಲ್ಲಿವೆ. ನಿಮ್ಮಂತೆ ಡಿಜಿಟಲ್ ಕಡೆ ಒಲವು ಇರುವವರು ಇವೆರಡನ್ನೂ ಖಂಡಿತ ನೋಡಬೇಕು. ಯಲಹಂಕದ ಸೃಷ್ಟಿ ಮಣಿಪಾಲ ಖಾಸಗಿ, ಶುಲ್ಕ ಜಾಸ್ತಿ. ಎನ್‌ಐಡಿಯದ್ದೂ ಕಡಿಮೆಯೇನಲ್ಲ, ಆಯಾ ವರ್ಷದ ಶುಲ್ಕ ನೋಡಿಯೇ ಮನೆಯಲ್ಲಿ ಮಾತಾಡಿ. ಐಐಎಸ್‌ಸಿಯಲ್ಲೂ ಎಂ.ಡಿಸ್ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಆದರೆ ಅದು ವಸ್ತುಗಳ ವಿನ್ಯಾಸ, ಇಂಜಿನಿಯರಿಂಗ್ ಕಡೆಗೆ ಹೋಗುವ ಓದು. ಕಲಾ ಕಾಲೇಜುಗಳ ಎಂ.ವಿ.ಎ.ಗೆ (ದೃಶ್ಯಕಲೆಯ ಮಾಸ್ಟರ್ಸ್) ಸಾಮಾನ್ಯವಾಗಿ ಬಿ.ವಿ.ಎ. (ಅದೇ ಕಲೆಯ ಡಿಗ್ರಿ) ಆಗಿರಬೇಕು, ಅಲ್ಲಿ ಗ್ರಾಫಿಕ್ಸ್ ಅಂದರೆ ಹೆಚ್ಚಾಗಿ ಅಚ್ಚು ತೆಗೆಯುವ ಕಲೆ. ಹೆಸರು ನೋಡಿ ಮೋಸ ಹೋಗಬೇಡಿ.

ಯಾರು ಹೋಗಬಾರದು ಅನ್ನೋದನ್ನೂ ಹೇಳಬೇಕಲ್ವಾ? ಸಂಬಳ ಜಾಸ್ತಿ ಆಗಲಿ ಅನ್ನೋದಷ್ಟೇ ನಿಮ್ಮ ಕಾರಣ ಆದರೆ, ಈಗಿನ ಕೆಲಸದಲ್ಲೇ ಇನ್ನೆರಡು ವರ್ಷ ಇದ್ದು ಒಳ್ಳೆಯ ಪ್ರಾಜೆಕ್ಟ್ ಹಿಡಿಯುವುದು ವಾಸಿ. ಮನೆ ನಿಮ್ಮ ಸಂಬಳದ ಮೇಲೆ ನಿಂತಿದ್ದರೆ, ಸಾಲ ಮಾಡಿ ದುಬಾರಿ ಕಾಲೇಜು ಸೇರಬೇಡಿ ಅಂತ ಅಣ್ಣನಾಗಿ ಹೇಳುತ್ತೇನೆ. ಇದೊಂದು ವರ್ಷ ಸೀಡ್ ಬರೆಯಿರಿ, ಆಗದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಿರಿ, ಕೆಲಸ ಬಿಡಬೇಡಿ. ಆದರೆ ನಿಮ್ಮ ಪೋಸ್ಟರನ್ನು ಜನ ನೋಡಿಯೂ ನೋಡದ ಹಾಗೆ ದಾಟಿ ಹೋದಾಗ ಯಾಕೆ ಅನ್ನುವ ಪ್ರಶ್ನೆ ನಿಮ್ಮನ್ನು ಕಾಡುತ್ತಾ ಇದ್ದರೆ, ಈ ಓದು ನಿಮಗೇ ಇರುವುದು.

ಕೊನೆಯದಾಗಿ ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ. ಸೀಡ್ ಅಂಕ ಬಂದ ಮೇಲೆ ಒಂದೊಂದು ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಅಂಕ ಒಂದು ವರ್ಷಕ್ಕೆ ಮಾತ್ರ ನಡೆಯುತ್ತದೆ. ಇಂಟರ್‌ವ್ಯೂಗೆ ಮೂವತ್ತು ಪೋಸ್ಟರ್ ತೆಗೆದುಕೊಂಡು ಹೋಗಬೇಡಿ. ಮೂರು ಕೆಲಸ ಸಾಕು, ಆದರೆ ಒಂದೊಂದರದ್ದೂ ಕಚ್ಚಾ ಚಿತ್ರ, ಬಿಟ್ಟುಹಾಕಿದ ಪ್ರಯತ್ನ, ತೋರಿಸಿದಾಗ ಜನ ಹೇಳಿದ್ದು, ಎಲ್ಲ ಇರಲಿ. ನಿಮ್ಮ ಬಿ.ಕಾಂ ಕೂಡ ಬಳಸಿಕೊಳ್ಳಿ. ಊರಿನ ಸಹಕಾರ ಸಂಘದ ಸಾಲದ ಅರ್ಜಿ, ಕರೆಂಟ್ ಬಿಲ್, ಇಂಥದ್ದೊಂದನ್ನು ತೆಗೆದುಕೊಂಡು, ಎಲ್ಲಿ ಎಷ್ಟು ಕಟ್ಟಬೇಕು ಅನ್ನೋದು ಒಂದೇ ನೋಟಕ್ಕೆ ತಿಳಿಯುವ ಹಾಗೆ ಮತ್ತೆ ಬರೆದು, ಅದನ್ನು ತುಂಬುವ ನಾಲ್ಕು ಜನರಿಗೆ ತೋರಿಸಿ. ಲೆಕ್ಕ ಗೊತ್ತಿರುವವರು ಮಾಡಿದ ಫಾರಂ ಬೇರೆಯೇ ಇರುತ್ತದೆ.

ಸೀಡ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ. ಈ ಭಾನುವಾರ ಒಂದು ತೆಗೆದು, ಎರಡನೇ ಭಾಗವನ್ನು ಮಾತ್ರ, ಫೋನ್ ಬೇರೆ ಕೋಣೆಯಲ್ಲಿಟ್ಟು ಎರಡು ಗಂಟೆ ಕೂತು ಮಾಡಿ. ಮುಗಿದ ಮೇಲೆ ಚಿತ್ರವನ್ನು ಮನೆಯಲ್ಲಿ ಯಾರಿಗಾದರೂ ಕೊಟ್ಟು, ಏನೂ ವಿವರಿಸದೆ, ಇದರಲ್ಲಿ ಏನು ನಡೀತಾ ಇದೆ ಅಂತ ಕೇಳಿ.