ರಾಜಿ ಆಗಿದೆ, ಇನ್ನೆಂಥ ಕೇಸು ಸಾರ್?

ಪ್ರಶ್ನೆ: ಬದುವಿನ ಗಲಾಟೆಯಲ್ಲಿ ಅಪ್ಪ, ಚಿಕ್ಕಪ್ಪನ ಜೊತೆ ನನ್ನ ಹೆಸರೂ ಎಫ್‌ಐಆರ್‌ಗೆ ಸೇರಿದೆ. ಆಮೇಲೆ ದೊಡ್ಡಪ್ಪನವರ ಜೊತೆ ರಾಜಿ ಆಯಿತು. ಸೇನೆಯ ಅಗ್ನಿವೀರ್ ಭರ್ತಿಗೆ ತೊಂದರೆ ಇಲ್ಲ ತಾನೇ? (ಅರಕಲಗೂಡು ಕಡೆಯ ಓದುಗ)

ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಊರು ಬದಲಾಗುತ್ತದೆ, ಬದುವಿನ ಜಾಗಕ್ಕೆ ಜಾತ್ರೆ ಬರುತ್ತದೆ, ಗಣಪತಿ ಬಿಡುವ ಮೆರವಣಿಗೆ ಬರುತ್ತದೆ. 'ರಾಜಿ ಆಯಿತು' ಅನ್ನೋ ಮಾತು ಮಾತ್ರ ಬದಲಾಗಿಲ್ಲ.

ತೊಂದರೆ ಇದೆ. ಆನ್‌ಲೈನ್ ಪರೀಕ್ಷೆ, 1.6 ಕಿ.ಮೀ. ಓಟ, ಮೆಡಿಕಲ್ ಎಲ್ಲ ದಾಟಿದರೂ ಪೊಲೀಸ್ ವೆರಿಫಿಕೇಶನ್ ಇದ್ದೇ ಇದೆ. ಕೇಸು ನಡೆಯುತ್ತಿರುವಾಗಲೇ ತೆಗೆದುಕೊಳ್ಳುತ್ತಾರೆ ಅಂತ ನಂಬಿ ಕೂರಬೇಡಿ, ಮುಗಿಸಿಕೊಂಡು ಹೋಗಿ.

ಮುಗಿದೇ ಹೋಗಿದೆಯಲ್ಲ ಅನ್ನುತ್ತೀರಿ. ಎಲ್ಲಿ ಮುಗಿಯಿತು? ಸ್ಟೇಷನ್ನಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟಿರಿ, ಎದುರಿಗಿನ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿದಿರಿ. ಸಂತೋಷ. ಆದರೆ ಎಫ್‌ಐಆರ್ ಆದಮೇಲೆ ಕೇಸು ನಡೆಸುವುದು ದೊಡ್ಡಪ್ಪನಲ್ಲ, ಸರ್ಕಾರ. ದೊಡ್ಡಪ್ಪ ನಿಮ್ಮ ಮನೆ ಮದುವೆಯಲ್ಲಿ ಬಡಿಸೋಕೆ ನಿಂತರೂ ಚಾರ್ಜ್‌ಶೀಟ್ ಬೀಳುತ್ತದೆ, ಸಮನ್ಸ್ ಬರುತ್ತದೆ. ಜಾಮೀನು ಸಿಕ್ಕಿತು, ಮುಗೀತು ಅನ್ನುವವರೂ ಇದ್ದಾರೆ. ಅವರಿಗೆ ಇನ್ನೊಂದು ದಿನ ಹೇಳುತ್ತೇನೆ.

ನಿಜವಾದ ರಾಜಿ ಕೋರ್ಟಿನಲ್ಲಿ ಆಗಬೇಕು. ಅದಕ್ಕೆ ದಾರಿ, ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ, ಹಳೆಯ ಸಿಆರ್‌ಪಿಸಿಯಲ್ಲಿ 320. ಕೈಯಲ್ಲಿ ಹೊಡೆದದ್ದು, ಬೈದದ್ದು, ಅಂದರೆ ನಮ್ಮ ಹಿರಿಯರಿಗೆ ಬಾಯಿಪಾಠವಾಗಿರುವ, ಹಳೆಯ ದಂಡಸಂಹಿತೆ ಐಪಿಸಿಯ 323, 504. ಇವುಗಳಲ್ಲಿ ಏಟು ತಿಂದವರು, ಬೈಸಿಕೊಂಡವರು ಕೋರ್ಟಿನಲ್ಲಿ ಒಪ್ಪಿದರೆ ಕೇಸು ಖುಲಾಸೆ. ಬದುವಿನ ಜಗಳದಲ್ಲಿ ಬರಿಗೈಯಲ್ಲಿ ಯಾರು ನಿಂತಿರುತ್ತಾರೆ ಹೇಳಿ? ಗುದ್ದಲಿಯೋ ಮಚ್ಚೋ ಇರುತ್ತದೆ. ಅಲ್ಲಿಗೆ 324, ಅಂದರೆ ಆಯುಧದಿಂದ ಗಾಯ ಮಾಡಿದ್ದು, ಬಿತ್ತು. ಜುಲೈ 1, 2024ರ ನಂತರದ ಗಲಾಟೆಯಾದರೆ ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ನ (ಭಾರತೀಯ ನ್ಯಾಯ ಸಂಹಿತೆ) 118. ಅದನ್ನು ತಾಲ್ಲೂಕು ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಎರಡೂ ಕಡೆಯವರು ಒಪ್ಪಿದ್ದರೂ ಬೆಂಗಳೂರಿನ ಹೈಕೋರ್ಟಿನಲ್ಲೇ ರದ್ದು ಮಾಡಿಸಬೇಕು. ಆದೇಶದ ದೃಢೀಕೃತ ನಕಲು ಕೈಗೆ ಬಂದ ದಿನ ಬಂದು 'ಮುಗೀತು ಸಾರ್' ಅನ್ನಿ, ಒಪ್ಪುತ್ತೇನೆ.

ಆಗಲೂ 'ಕೇಸೇ ಇರಲಿಲ್ಲ' ಅಂತ ಬರೆಯುವ ಹಾಗಿಲ್ಲ. ಸೇನೆಯ ಭರ್ತಿ ಫಾರಂ ಜೈಲಿಗೆ ಹೋಗಿದ್ದೀಯಾ, ವಿಚಾರಣೆ ನಡೀತಿದೆಯಾ ಅಂತ ಕೇಳಿ ಸುಮ್ಮನಾಗುವುದಿಲ್ಲ. ನಿನ್ನ ಮೇಲೆ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ದೂರು ಹೋಗಿದೆಯಾ ಅಂತಲೂ ಕೇಳುತ್ತದೆ. ಬರೀ ದೂರು! ಅಲ್ಲಿ ಗೊತ್ತಿದ್ದೂ 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ 1950ರ ಸೇನಾ ಕಾಯ್ದೆಯ 44ನೇ ಕಲಂ ಕಾಯುತ್ತಿರುತ್ತದೆ, 5 ವರ್ಷದವರೆಗೆ ಸೆರೆ. ಹೌದು ಅಂತ ಬರೆದರೆ ಕೆಲಸ ಗ್ಯಾರಂಟಿ ಅಂತಲೂ ಅಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಮುಚ್ಚಿಡಬೇಡಿ, ನಿಜ ಹೇಳಿದರೂ ಪೂರ್ವಾಪರ ನೋಡುವ ಹಕ್ಕು ನೇಮಕ ಮಾಡುವವರಿಗಿದೆ.

ಗಲಾಟೆಯ ದಿನ ನಿಮಗೆ 18 ತುಂಬಿರಲಿಲ್ಲವಾದರೆ ವಿಷಯ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಆ ಕೇಸಿನ ಅನರ್ಹತೆ ಅಂಟುವುದಿಲ್ಲ. 16 ದಾಟಿ, ಘೋರ ಅಪರಾಧಕ್ಕೆ ವಯಸ್ಕನಂತೆ ವಿಚಾರಣೆ ಆಗಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಹುಟ್ಟಿದ ದಿನಾಂಕದ ದಾಖಲೆ ಹಿಡಿದು ವಕೀಲರ ಹತ್ತಿರ ಹೋಗಿ.

ಇನ್ನು ಯಾರೂ ಕೇಳದ ಮಾತೊಂದಿದೆ, ಹುಡುಗರ ಅಪ್ಪಂದಿರಿಗೆ. ದೂರು ಬರೆಸುವಾಗ 'ಆ ಮನೇಲಿ ಇರೋ ಗಂಡಸರ ಹೆಸರೆಲ್ಲ ಹಾಕಿ ಸಾರ್' ಅನ್ನುತ್ತೀರಲ್ಲ, ಪಂಪ್‌ಸೆಟ್ ಮನೆ ಹತ್ತಿರ ಮೊಬೈಲ್ ಹಿಡಿದು ನಿಂತಿದ್ದ ಪಿಯುಸಿ ಹುಡುಗನ ಹೆಸರೂ ಅದರಲ್ಲಿ ಸೇರಿಬಿಡುತ್ತದೆ. ಮಾರನೇ ದಿನ ಅವರೂ ಕೌಂಟರ್ ಕೇಸು ಕೊಡುತ್ತಾರೆ, ಅದರಲ್ಲಿ ನಿಮ್ಮ ಮಗ ಇರುತ್ತಾನೆ. ಹಾಸನದ ಸ್ಟೇಡಿಯಂನಲ್ಲಿ ಬೆಳಿಗ್ಗೆ ಐದೂವರೆಗೆ ನಾನು ಓಡಿಸುವ ಹುಡುಗರಲ್ಲಿ ಈಗಲೂ ಹಾಗೆ ಇಬ್ಬರಿದ್ದಾರೆ, ದಾಯಾದಿಗಳು. ಒಬ್ಬ ನಾಲ್ಕನೇ ಆರೋಪಿ, ಇನ್ನೊಬ್ಬ ಆ ಕಡೆ ಕೇಸಿನಲ್ಲಿ ಮೂರನೆಯವನು. ಹಿಯರಿಂಗ್ ಇರುವ ದಿನ ಇಬ್ಬರೂ ಒಟ್ಟಿಗೇ ಓಟಕ್ಕೆ ಚಕ್ಕರ್ ಹೊಡೆದು, ಒಂದೇ ಬೈಕಿನಲ್ಲಿ ಕೋರ್ಟಿಗೆ ಹೋಗುತ್ತಾರೆ.