ಬಾಲವಿಲ್ಲದೆ ಸರಿಯುವ ಬ್ಯಾಕ್ಟೀರಿಯಾ

ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ ಮಿಕ್ಸೊಕಾಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತೋರಿಸಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಇವು ಸತ್ತಿವೆ ಅಲ್ವಾ ಮೇಡಂ?" ಮೈಕ್ರೋಸ್ಕೋಪಿನಡಿ ತೆಳ್ಳನೆಯ ಕಡ್ಡಿಗಳು ಸುಮ್ನೆ ಬಿದ್ದಿರುತ್ತವೆ. ಅರ್ಧ ನಿಮಿಷಕ್ಕೊಂದು ಫೋಟೊ ತೆಗೆದು ವಿಡಿಯೊ ಮಾಡಿ ತೋರಿಸಿದಾಗಲೇ ಅವು ಹರಿದಾಡುವುದು ಕಾಣುತ್ತದೆ. ಒಂಟಿ ಕಡ್ಡಿಯ ವೇಗ ನಿಮಿಷಕ್ಕೆ ಕೆಲವೇ ಮೈಕ್ರೋಮೀಟರ್.

ಈಜುವ ಬ್ಯಾಕ್ಟೀರಿಯಾಗಳಿಗೆ ಗಿರಗಿರ ತಿರುಗುವ ಬಾಲವಿದೆ. ಅದಕ್ಕೆ ನೀರು ಬೇಕು. ಮಣ್ಣಿನ ಕಣದ ಮೇಲೆ ಎಷ್ಟೋ ಸಲ ಇರುವುದು ಬರೀ ತೇವದ ಪೊರೆ. ಮಿಕ್ಸೊಕಾಕಸ್‌ಗೆ ಬಾಲವೇ ಇಲ್ಲ. ಬದಲಿಗೆ ಎರಡು ಎಂಜಿನ್‌ಗಳಿವೆ. 1979ರಲ್ಲಿ ಹಾಡ್ಜ್‌ಕಿನ್ ಮತ್ತು ಕೈಸರ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಒಂದು ಕೆಟ್ಟರೆ ಇನ್ನೊಂದು ಓಡಿಸುತ್ತದೆ, ಎರಡೂ ಕೆಟ್ಟರೆ ಮಾತ್ರ ನಿಂತುಬಿಡುತ್ತದೆ.

ಮೊದಲನೆಯದು ಗುಂಪಿನ ಓಟ. ತುದಿಯಿಂದ ಸಣ್ಣ ಎಳೆಯನ್ನು ಚಾಚುತ್ತದೆ, ಪಕ್ಕದವರ ಮೈಮೇಲಿನ ಅಂಟಿಗೆ ಅದನ್ನು ಅಂಟಿಸುತ್ತದೆ, ಆಮೇಲೆ ಎಳೆಯನ್ನು ಒಳಕ್ಕೆ ಎಳೆದುಕೊಂಡು ತಾನೇ ಮುಂದೆ ಸರಿಯುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಎರಡನೆಯದು, ಒಂಟಿ ಓಟ. ಹಿಂದಿನಿಂದ ಲೋಳೆ ಚಿಮ್ಮಿಸಿ ಮುಂದೆ ಹೋಗುತ್ತದೆ ಎಂಬ ವಾದವೂ ಇತ್ತು. ಆದರೆ 2007ರಲ್ಲಿ ಹೊಳೆಯುವ ಗುರುತು ಹಾಕಿದ ಪ್ರೋಟೀನ್ ನೋಡಿದಾಗ ಬೇರೆಯದೇ ಕಂಡಿತು. ಕಡ್ಡಿ ಮುಂದೆ ಹೋಗುತ್ತಿದೆ, ಹೊಳೆವ ಚುಕ್ಕೆಗಳು ಮಾತ್ರ ನೆಲ ಬಿಟ್ಟು ಕದಲುತ್ತಿಲ್ಲ! ದೋಣಿಯವನು ಉದ್ದನೆ ಬಿದಿರನ್ನು ತಳಕ್ಕೆ ಊರಿ, ದೋಣಿಯ ಮೂತಿಯಿಂದ ಹಿಂದಕ್ಕೆ ನಡೆಯುತ್ತಾನಲ್ಲ, ಹಾಗೆ. ಅವನು ನಿಂತಲ್ಲೇ ಇರುತ್ತಾನೆ, ದೋಣಿ ಮುಂದೆ ಸಾಗುತ್ತದೆ. ಚುಕ್ಕೆ ಕಡ್ಡಿಯ ಹಿಂತುದಿ ತಲುಪಿದಾಗ ಕಳಚಿಕೊಳ್ಳುತ್ತದೆ, ಅಷ್ಟರಲ್ಲಿ ಮೂತಿಯಲ್ಲಿ ಹೊಸ ಚುಕ್ಕೆ ಊರಿರುತ್ತದೆ. ಇದಕ್ಕೆ ಶಕ್ತಿ ಬರುವುದು ಕೋಶದ ಪೊರೆ ದಾಟಿ ಒಳನುಗ್ಗುವ ಪ್ರೋಟಾನ್‌ಗಳಿಂದ.

ಯಾವ ಎಂಜಿನ್ ಓಡುತ್ತದೆ ಎಂಬುದು ನೆಲದ ಮೇಲೂ ನಿಂತಿದೆ. ಒಮ್ಮೆ ನನ್ನ ಒಂದು ತಳಿ ಹರಡಲೇ ಇಲ್ಲ. ಒಂಟಿ ಓಟದ ಜೀನ್ ಕೆಟ್ಟ ತಳಿ ಅದು, ಗುಂಪಿನ ಓಟ ಸರಿಯಿರಬೇಕಿತ್ತು. ವಾರವಿಡೀ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಪ್ಲೇಟ್‌ಗೆ 1.5% ಅಗರ್ (ನೆಲ ಗಟ್ಟಿಮಾಡುವ ಪುಡಿ) ಹಾಕಿದ್ದೆ. ಗಟ್ಟಿ ನೆಲ ಒಂಟಿ ಓಟಕ್ಕೆ ಒಗ್ಗುತ್ತದೆ, ಗುಂಪಿಗೆ ಮೆತ್ತನೆಯ ಒದ್ದೆ ನೆಲ ಬೇಕು. 0.5% ಮಾಡಿದೆ, ಹರಡಿತು.

ಇವು ಕೆಲವು ನಿಮಿಷಕ್ಕೊಮ್ಮೆ ಹಿಂದುಮುಂದಾಗುತ್ತವೆ. ಮೈ ತಿರುಗಿಸುವುದಿಲ್ಲ, ಹಿಂತುದಿಯೇ ಮೂತಿಯಾಗುತ್ತದೆ. ಸುಮ್ನೆ ಕಾಲಹರಣ ಅನಿಸಬಹುದು. ಆದರೆ ಆಹಾರ ಮುಗಿದಾಗ ಸುಮಾರು 1,00,000 ಕೋಶಗಳು ಸೇರಿ ಒಂದು ಗುಪ್ಪೆ ಕಟ್ಟಬೇಕು. ಹಿಂದುಮುಂದಾಗಲು ಬಾರದ ತಳಿಗಳ ಪ್ಲೇಟಿನಲ್ಲಿ ಗುಪ್ಪೆ ಕಾಣುವುದಿಲ್ಲ, ಬಾಚದ ಕೂದಲಿನಂಥ ಸಿಕ್ಕು ಕಾಣುತ್ತದೆ.