ಪಕ್ಕದ ಮನೆ ಬಾವಿ ಬೇರೆ, ಪಕ್ಕದ ಮನೆ ವೈಫೈ ಬೇರೆ

ಕಾರವಾರದಲ್ಲಿ ಮನೆಮನೆಗೆ ಫೈಬರ್ ನೆಟ್ ಎಳೆದು ಕೊಡೋದು ನನ್ನ ಕೆಲಸ. ಜಾಸ್ತಿ ಬರುವ ದೂರು ಒಂದೇ, "ನೆಟ್ ಸ್ಲೋ". ಎಷ್ಟೋ ಸಲ ತಪ್ಪು ನಮ್ಮ ವೈರಿನದ್ದೇ ಇರುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದಿರುತ್ತದೆ, ಜಾಯಿಂಟ್ ಬಾಕ್ಸಿಗೆ ನೀರು ಹೊಕ್ಕಿರುತ್ತದೆ. ಇನ್ನು ಕೆಲವು ಸಲ ವೈರು, ಬಾಕ್ಸು ಎಲ್ಲ ಸರಿ ಇದ್ದೂ ನೆಟ್ ತೆವಳುತ್ತದೆ. ಆಗ ನಾನು ಮೊದಲು ನೋಡುವುದು, ಈ ನೆಟ್ ಕುಡಿಯುತ್ತಿರುವವರು ಎಷ್ಟು ಜನ ಅಂತ.

ಕೋಡಿಬಾಗದ ಕಡೆ ಒಂದು ಹಂಚಿನ ಮನೆ. ಇರುವವರು ನಿವೃತ್ತ ಅಕ್ಕೋರು, ಅಂದರೆ ಟೀಚರ್, ಒಬ್ಬರೇ. "ಸಂಜೆ ಆದ ಕೂಡ್ಲೆ ನೆಟ್ಟು ಮಲಗ್ತದೆ ಮಾರಾಯಾ, ಮಗಳ ಮುಖ ಸಾ ಕಾಣೂದಿಲ್ಲ" ಅಂತ ಫೋನ್ ಮಾಡಿದರು. ಹೋಗಿ ಅವರ ಲ್ಯಾಪ್‌ಟಾಪಿನಲ್ಲಿ 192.168.1.1 ಅಂತ ಒತ್ತಿ ರೂಟರಿನ, ಅಂದರೆ ವೈಫೈ ಡಬ್ಬಿಯ, ಸೆಟ್ಟಿಂಗ್ ಪುಟ ತೆಗೆದೆ. ಅಕ್ಕೋರ ಹತ್ತಿರ ಇರುವುದು ಒಂದು ಫೋನು, ಒಂದು ಲ್ಯಾಪ್‌ಟಾಪು, ಒಂದು ಟಿವಿ. ವೈಫೈಗೆ ಜೋಡಿಕೊಂಡ ಯಂತ್ರಗಳ ಪಟ್ಟಿಯಲ್ಲಿ 11 ಇತ್ತು. ಫೋನುಗಳು, ಯಾರದ್ದೋ ಇನ್ನೊಂದು ಟಿವಿ, ಕೊನೆಯಲ್ಲಿ ಒಂದು ಸಿಸಿಟಿವಿ ಕ್ಯಾಮೆರಾ!

ಅಕ್ಕೋರ ಮನೆಯಲ್ಲಿ ಕ್ಯಾಮೆರಾನೇ ಇಲ್ಲ. ಪಟ್ಟಿಯಲ್ಲಿದ್ದ ಅದರ ನಂಬರನ್ನು ಬ್ರೌಸರಿನಲ್ಲಿ ಒತ್ತಿ ನೋಡಿದೆ, ಲಾಗಿನ್ ಪುಟ ಬಂತು, ಹೆಸರಿನ ಜಾಗದಲ್ಲಿ 'ಅಡ್ಮಿನ್' ಅಂತ ಮೊದಲೇ ತುಂಬಿತ್ತು. ಪಾಸ್‌ವರ್ಡ್ ಏನಿರಬಹುದು ಅಂತ ನನ್ನಂಥವನಿಗೆ ಊಹಿಸೋದು ಕಷ್ಟ ಅಲ್ಲ. ಆದರೆ ಇನ್ನೊಬ್ಬರ ಮನೆಯೊಳಗೆ ಇಣುಕೋದು ನನ್ನ ಕೆಲಸ ಅಲ್ಲ, ಅಲ್ಲಿಗೇ ಮುಚ್ಚಿದೆ. ವೈಫೈ ಪಾಸ್‌ವರ್ಡ್ ಬದಲಿಸಿ, ಚಾ ಕುಡಿದು ಹೊರಟೆ. ಬೈಕು ಇನ್ನೂ ಕಾಳಿ ಸೇತುವೆ ಹತ್ತಿರ ಬಂದಿರಲಿಲ್ಲ, ಅಕ್ಕೋರ ಪಕ್ಕದ ಮನೆಯವರ ಫೋನು. "ತಮ್ಮಾ, ನಮ್ಮ ಕ್ಯಾಮೆರಾ ಈಗ ಬಂದ್ ಆಯ್ತು, ಸ್ವಲ್ಪ ಬಂದು ನೋಡ್ತ್ಯಾ?"

ಇವರೇನು ಕಳ್ಳರಲ್ಲ. ಅಕ್ಕೋರ ಹತ್ತಿರ ಟ್ಯೂಶನ್ನಿಗೆ ಬರುವ ಹುಡುಗನಿಂದ ಪಾಸ್‌ವರ್ಡ್ ಸಿಕ್ಕಿತ್ತು, ಬೆಂಗಳೂರಿನಿಂದ ಬಂದ ಅಳಿಯ ಅದನ್ನೇ ಹಾಕಿ ಕ್ಯಾಮೆರಾ ಜೋಡಿಸಿ ಹೋಗಿದ್ದ. ನಮ್ಮ ಕಡೆ ಹೆಪ್ಪಿಗೆ ಮಜ್ಜಿಗೆ ಕೇಳುತ್ತೇವೆ, ಬೇಸಿಗೆಯಲ್ಲಿ ಪಕ್ಕದವರ ಬಾವಿಯಿಂದ ನಾಲ್ಕು ಕೊಡ ಸೇದುತ್ತೇವೆ, ವೈಫೈ ಕೂಡ ಹಾಗೇ ಅಂದುಕೊಂಡಿದ್ದರು. ಆದರೆ ಬಾವಿ ನೀರಿನ ಮೇಲೆ ಬಾವಿಯವರ ಹೆಸರು ಬರೆದಿರುವುದಿಲ್ಲ. ನೆಟ್ಟಿನಲ್ಲಿ ನೀವು ಏನು ಮಾಡಿದರೂ ಅದರ ಮೇಲೆ ರೂಟರ್ ಯಾರದ್ದೋ ಅವರ ಹೆಸರೇ ಬೀಳುತ್ತದೆ.

ಹೇಗೆ ಅಂದರೆ, ಮನೆಯೊಳಗೆ ಹನ್ನೊಂದು ಫೋನಿದ್ದರೂ ಹೊರಗಿನವರಿಗೆ ಕಾಣುವ ಐಪಿ ವಿಳಾಸ, ಅಂದರೆ ನೆಟ್ಟಿನಲ್ಲಿ ಆ ಕನೆಕ್ಷನ್ನಿನ ನಂಬರ್, ಒಂದೇ. ಚಿಕ್ಕ ಕಂಪನಿಗಳಲ್ಲಿ ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚುವುದೂ ಉಂಟು, ಆದರೂ ಯಾವ ಹೊತ್ತಿಗೆ ಯಾವ ಮನೆ ಅನ್ನೋ ದಾಖಲೆ ಕಂಪನಿ ಇಟ್ಟಿರುತ್ತದೆ. ಪೊಲೀಸರು ಕೇಳಿದರೆ ಅದು ಬಿಲ್ಲಿನ ಮೇಲಿರುವ ವಿಳಾಸಕ್ಕೆ ಬಂದು ನಿಲ್ಲುತ್ತದೆ. ಒಳಗೆ ಯಾರ ಕೈಯಲ್ಲಿ ಫೋನಿತ್ತು ಅನ್ನೋದು ಆಮೇಲಿನ ವಿಚಾರ.

ಇದು ಬರೀ ಹೆದರಿಸುವ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ಆಯಿತಲ್ಲ, ಅದಕ್ಕೆ ಸ್ವಲ್ಪ ಮೊದಲು ಟಿವಿ ಚಾನೆಲ್‌ಗಳಿಗೆ ಒಂದು ಇಮೇಲ್ ಹೋಗಿತ್ತು. ಅದರ ಐಪಿ ಹಿಡಿದುಕೊಂಡು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬೈನ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರು ಅಮೆರಿಕದ ಒಬ್ಬರು. ಇಮೇಲ್ ಕಳಿಸಿದ್ದು ಅವರಲ್ಲ, ಅವರ ವೈಫೈಗೆ ಹೊಕ್ಕ ಬೇರೆಯವರು. ಆದರೂ ಮೊದಲು ವಿಚಾರಣೆ ಎದುರಿಸಿದ್ದು ಅವರೇ. ಅದೇ ವರ್ಷ ಸೆಪ್ಟೆಂಬರಿನ ದೆಹಲಿ ಸ್ಫೋಟದ ಇಮೇಲೂ ಹಾಗೇ, ಮುಂಬೈ ಚೆಂಬೂರಿನ ಒಂದು ಕಂಪನಿಯ ವೈಫೈಯಿಂದ ಹೋಗಿತ್ತು.

ಇಷ್ಟು ಹೇಳಿದರೆ ಬಳಸುವವರು, "ಹಾಗಾದ್ರೆ ತೊಂದರೆ ಮನೆಯವರಿಗಲ್ವಾ, ನಮಗೇನು?" ಅನ್ನುತ್ತಾರೆ. ಮೊದಲು ಕಾನೂನು. ನಾನು ವಕೀಲ ಅಲ್ಲ, ಆದರೆ ಇಷ್ಟು ಗೊತ್ತು. 2000ನೇ ಇಸವಿಯ ಐಟಿ ಕಾಯ್ದೆಯ 43ನೇ ಸೆಕ್ಷನ್ನಿನಲ್ಲಿ ಅನುಮತಿ ಇಲ್ಲದೆ ಇನ್ನೊಬ್ಬರ ನೆಟ್‌ವರ್ಕಿಗೆ ಹೊಗುವುದೂ ಸೇರಿದೆ, ಅದಕ್ಕೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ. 3 ವರ್ಷದ ತನಕ ಜೈಲು, ಇಲ್ಲವೇ 5 ಲಕ್ಷದ ತನಕ ದಂಡ, ಅಥವಾ ಎರಡೂ.

ಕಾನೂನು ಬಿಡಿ, ಅದು ನಮ್ಮೂರಿನಲ್ಲಿ ಅಷ್ಟು ಬೇಗ ಬಾಗಿಲಿಗೆ ಬರುವುದಿಲ್ಲ. ನನಗೆ ಜಾಸ್ತಿ ಕಾಣುವುದು ಬೇರೆ. ಒಂದೇ ವೈಫೈಯಲ್ಲಿರುವ ಯಂತ್ರಗಳು ಒಂದೇ ಜಗಲಿಯಲ್ಲಿ ಕೂತ ಹಾಗೆ. ಆ ಕ್ಯಾಮೆರಾನೇ ನೋಡಿ, ತಮ್ಮ ಮನೆ ಕಾಯಲಿ ಅಂತ ಹಾಕಿಕೊಂಡದ್ದು, ಅದರ ಬಾಗಿಲು ತೆರೆದಿದ್ದು ಅಕ್ಕೋರ ಮನೆಯೊಳಗೆ. ಟ್ಯೂಶನ್ ಹುಡುಗನೂ ತನ್ನ ಫೋನಿನಿಂದ ಅದನ್ನು ತಟ್ಟಬಹುದಿತ್ತು. ಬ್ಯಾಂಕಿನ ಆ್ಯಪಿನೊಳಗೆ ನೀವು ಒತ್ತಿದ್ದು ರೂಟರಿನವರಿಗೆ ಕಾಣುವುದಿಲ್ಲ, ಅದು ಬೀಗ ಹಾಕಿಕೊಂಡೇ ಹೋಗುತ್ತದೆ. ಆದರೆ ರಾತ್ರಿ ಎಷ್ಟು ಹೊತ್ತಿಗೆ ಯಾವ ಸೈಟಿಗೆ ಹೋದಿರಿ ಅನ್ನೋದು ಮನಸ್ಸು ಮಾಡಿದವರಿಗೆ ಸಿಗುತ್ತದೆ. ರೂಟರಿನ ಸೆಟ್ಟಿಂಗ್ ತಿರುಚಿದವರು ನಿಮ್ಮನ್ನು ನಕಲಿ ಪುಟಕ್ಕೂ ಕಳಿಸಬಹುದು. ಬ್ರೌಸರ್ ಕೆಂಪಕ್ಷರದಲ್ಲಿ ಎಚ್ಚರಿಸುತ್ತದೆ, ಓದದೆ 'ಮುಂದುವರಿ' ಒತ್ತುವವರನ್ನು ದಿನಾ ನೋಡುತ್ತೇನೆ. ಮತ್ತೆ ಊರಲ್ಲಿ ಎಲ್ಲೋ ಪಾಸ್‌ವರ್ಡೇ ಇಲ್ಲದ ವೈಫೈ ಕಂಡರೆ, ಅದು ಗಾಳಕ್ಕೆ ಸಿಕ್ಕಿಸಿದ ಸಿಗಡಿಯೂ ಆಗಿರಬಹುದು.

ಮನೆಯವರ ಪಾಸ್‌ವರ್ಡ್ ಸೋರುವುದರಲ್ಲಿ ನಮ್ಮಂಥವರ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಕನೆಕ್ಷನ್ ಕೊಡುವಾಗ ಅವಸರಕ್ಕೆ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಬಿಡುತ್ತೇವೆ. ಆ ನಂಬರ್ ಹಾಲಿನವನಿಂದ ಮೀನಿನವಳ ತನಕ ಕೇರಿಗೆಲ್ಲ ಗೊತ್ತು. ಕೆಲವು ರೂಟರುಗಳಲ್ಲಿ ಡಬ್ಲ್ಯೂಪಿಎಸ್ ಅಂತ ಒಂದಿದೆ, ಪಾಸ್‌ವರ್ಡ್ ಹಾಕದೆಯೇ ವೈಫೈಗೆ ಜೋಡಿಸುವ ದಾರಿ, ಅದಕ್ಕೆ 8 ಅಂಕಿಯ ಪಿನ್. ಎಂಟಂಕಿ ಅಂದರೆ ಕೋಟಿಗಟ್ಟಲೆ ಸಲ ಊಹಿಸಬೇಕು ಅನಿಸುತ್ತದೆ, ಅಲ್ವಾ? ಆದರೆ ಮೊದಲ ಅರ್ಧ ಸರಿಯಾದರೆ ರೂಟರ್ ತಾನೇ ಸುಳಿವು ಕೊಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದ ಬರುತ್ತದೆ, ಹಾಗಾಗಿ 11,000 ಸಲ ಸಾಕು. ಇದು 2011ರಲ್ಲೇ ಬಯಲಾದ ವಿಷಯ. ಸುಮ್ನೆ ಆಫ್ ಮಾಡಿಸಿಬಿಡಿ. ರೂಟರ್ ಪುಟದ ಪಾಸ್‌ವರ್ಡೂ 'ಅಡ್ಮಿನ್' ಅಂತಲೇ ಇದ್ದರೆ ಅದನ್ನೂ ಬದಲಿಸಿ. ವೈಫೈಗೆ ನಿಮಗೆ ಮಾತ್ರ ನೆನಪಿರುವ ಮೂರು ನಾಲ್ಕು ಕನ್ನಡ ಶಬ್ದ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಉದ್ದದ್ದು ಇಡಿ.

ಬಂದವರಿಗೆ ಕೊಡಲೇಬೇಕಾದರೆ ಗೆಸ್ಟ್ ನೆಟ್‌ವರ್ಕ್ ಇದೆ, ಅದೇ ರೂಟರಿನಲ್ಲಿ ನೆಂಟರಿಗೆ ಅಂತಲೇ ಇಡುವ ಬೇರೆ ವೈಫೈ. ಅವರ ಫೋನು ನಿಮ್ಮ ಲ್ಯಾಪ್‌ಟಾಪ್ ಮುಟ್ಟದಂತೆ ಅದು ತಡೆಯುತ್ತದೆ. ಹೊರಗೆ ಬೀಳುವ ಹೆಸರು ಮಾತ್ರ ಆಗಲೂ ನಿಮ್ಮದೇ, ಇದನ್ನು ಯಾರೂ ಹೇಳುವುದಿಲ್ಲ. ಎರಡು ದಿನಕ್ಕೆ ಬಂದ ನೆಂಟರಿಗೆ ಸರಿ, ವರ್ಷವಿಡೀ ಪಕ್ಕದ ಮನೆಗೆ ಬೇಡ.

ಅಕ್ಕೋರ ಪಕ್ಕದವರು ಆ ವಾರವೇ ತಮ್ಮದೇ ಕನೆಕ್ಷನ್ ತಗೊಂಡರು. ಕ್ಯಾಮೆರಾದ ಪಾಸ್‌ವರ್ಡ್ ಅವರ ಕೈಯಿಂದಲೇ ಬದಲಿ ಮಾಡಿಸಿದೆ. ಕಂಬದಿಂದ ಅವರ ಮನೆಗೆ ವೈರು ಹೋಗಬೇಕಾದರೆ ಅಕ್ಕೋರ ತೆಂಗಿನ ಮರಕ್ಕೆ ಕಟ್ಟದೆ ಬೇರೆ ದಾರಿ ಇರಲಿಲ್ಲ. ಮನೆ ಯಜಮಾನರು ಪಾಗಾರದ ಆಚೆ ನಿಂತು, "ಅಕ್ಕೋರೇ, ನಿಮ್ಮ ಮರಕ್ಕೆ ಒಂದು ವೈರ್ ಕಟ್ಲಾ?" ಅಂತ ಕೇಳಿದರು. ಅಕ್ಕೋರು ಅವರಿಗೆ ಉತ್ತರ ಕೊಡಲಿಲ್ಲ. ಏಣಿ ಮೇಲಿದ್ದ ನನ್ನ ಕಡೆ ತಿರುಗಿ, "ಕಾಯಿ ಕೊಯ್ಯೋರಿಗೆ ಅಡ್ಡ ಬರದ ಹಾಂಗೆ ಕಟ್ಟು" ಅಂದರು.